ಮರಳುಗಾಡಿನ ಹುಳುವಿಗೆ ಕನ್ನಡ ಬರುವುದಿಲ್ಲವೇ?

ಜಯನಗರ, ರಾಜಾಜಿನಗರ, ವಿಜಯನಗರದ ಕನ್ನಡದ ಹುಡುಗರೇ! ರಾತ್ರಿ ಎರಡು ಗಂಟೆಯವರೆಗೆ ಕಂಪ್ಯೂಟರ್ ಮುಂದೆ ಕೂತು ನೀವು ಅಲೆಯುತ್ತಿರುವ ಆ ಮರಳುಗಾಡು ಯಾವುದು? 'ಡ್ಯೂನ್: ಅವೇಕನಿಂಗ್' ತಾನೇ? ನಾರ್ವೆ ದೇಶದ ಫನ್‌ಕಾಮ್ ಕಂಪನಿ 2025ರ ಜೂನ್‌ನಲ್ಲಿ ಬಿಟ್ಟ ಆಟ. ಆಡಿ, ಬೇಡ ಎನ್ನುವವರು ನಾವಲ್ಲ. ಆಟ ಆಡಿದರೆ ಮಕ್ಕಳು ಕೆಟ್ಟರು ಎಂದು ಬೊಬ್ಬೆ ಹೊಡೆಯುವವರು ಬೇರೆ ಇದ್ದಾರೆ. ನಮ್ಮ ಜಗಳವೇ ಬೇರೆ.

ಆಡದವರಿಗಾಗಿ ಆಟದ ಮರ್ಮವನ್ನು ಮೊದಲು ಹೇಳಿಬಿಡೋಣ. ಸುಡುವ ಬಿಸಿಲು, ಕುಡಿಯಲು ನೀರಿಲ್ಲ. ಗಿಡದ ಮೇಲಿನ ಇಬ್ಬನಿಯನ್ನೂ ಹೀರಿ ಬದುಕಬೇಕು. ಬಂಡೆಯ ನೆರಳಿನಲ್ಲಿದ್ದರೆ ಜೀವ ಕ್ಷೇಮ, ಆದರೆ ಕೈಗೆ ಸಿಗುವುದು ಚೂರುಪಾರು. ಮರಳಿಗೆ ಇಳಿದು ಓಡಿದಿರೋ, ಕಾಲ ಸದ್ದು ಕೇಳಿ ನೆಲದಡಿಯಿಂದ ದೈತ್ಯ ಹುಳು ಬರುತ್ತದೆ. ಬೇರೆ ರೀತಿಯಲ್ಲಿ ಸತ್ತರೆ ಬಿದ್ದ ಗಂಟಿನಲ್ಲಿ ಒಂದಿಷ್ಟನ್ನು ಹೋಗಿ ಎತ್ತಿಕೊಳ್ಳಬಹುದು. ಹುಳು ನುಂಗಿತೋ, ಮೈಮೇಲಿದ್ದುದೆಲ್ಲ ಹೋಯಿತು! ಇನ್ನೂ ಒಳಗೆ 'ಡೀಪ್ ಡೆಸರ್ಟ್' ಇದೆ. ಒಳ್ಳೆಯ ಮಾಲೆಲ್ಲ ಇರುವುದು ಅಲ್ಲೇ. ಅಲ್ಲಿನ ಕೆಲವು ಭಾಗಗಳಲ್ಲಿ ಇನ್ನೊಬ್ಬ ಆಟಗಾರ ನಿಮ್ಮನ್ನು ಕೊಂದು ದೋಚಬಹುದು, ವಾರಕ್ಕೊಮ್ಮೆ ಬಿರುಗಾಳಿ ಬಂದು ಕಟ್ಟಿದ್ದನ್ನೆಲ್ಲ ಒರೆಸಿ ಹಾಕುತ್ತದೆ. ಇಡೀ ಆಟಕ್ಕೆ ಒಂದೇ ಪ್ರಶ್ನೆ: ಎಷ್ಟು ಸಿಕ್ಕಿದ ಮೇಲೆ ಹಿಂತಿರುಗಬೇಕು?

ಈ ಪ್ರಶ್ನೆ ಕನ್ನಡನಾಡಿಗೆ ಹೊಸದೇ? ಯಾದಗಿರಿ ಜಿಲ್ಲೆಗೆ ಹೋಗಿ ಕೇಳಿ. ಅದು ಮರಳುಗಾಡಲ್ಲ, ಕೃಷ್ಣೆ ಮತ್ತು ಭೀಮೆ ಹರಿಯುವ ನೆಲ, ನಾರಾಯಣಪುರ ಅಣೆಕಟ್ಟು ಇರುವ ನೆಲ. ಆದರೂ ಶಹಾಪುರ, ಸುರಪುರದ ಕಡೆ ಕಾಲುವೆ ನೀರು ಮುಟ್ಟದ ಹೊಲದ ರೈತ ಪ್ರತಿ ವರ್ಷ ಆಡುವುದು ಇದೇ ಆಟವನ್ನು. ಕರಿಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಹಿಂಗಾರಿ ಜೋಳ ಬೆಳೆಯುತ್ತದೆ. ಮನೆಗೆ ರೊಟ್ಟಿ, ಎತ್ತಿಗೆ ಕಣಿಕೆ. ದೊಡ್ಡ ಲಾಭವಿಲ್ಲ, ಮನೆ ಮುಳುಗುವ ನಷ್ಟವೂ ಇಲ್ಲ. ಅದು ಬಂಡೆಯ ನೆರಳು. ಹತ್ತಿಯೇ ಅವನ ಡೀಪ್ ಡೆಸರ್ಟ್! ಬೀಜ, ಗೊಬ್ಬರ, ಎಣ್ಣೆ ಎಲ್ಲ ಉದ್ರಿ, ಬಿಡಿಸಲು ಕೂಲಿ ಬೇರೆ. ಮಳೆ ಬಂದು ದರವೂ ನಿಂತರೆ ಮಗಳ ಮದುವೆ. ಒಂದು ತಪ್ಪಿದರೂ ಸಾಲ, ಗುಳೆ, ಬೆಂಗಳೂರಿನ ಕಟ್ಟಡದ ಕೆಲಸ. ನೀವು ಕೂತು ಆಡುವ ಅಪಾರ್ಟ್‌ಮೆಂಟಿನ ಇಟ್ಟಿಗೆ ಹೊತ್ತವನು ಅಂಥವನೇ ಇರಬಹುದು.

ಆಟದ ಬಿರುಗಾಳಿಗೆ ವಾರ ಗೊತ್ತು. ಹತ್ತಿಯ ದರ ಬೀಳುವುದಕ್ಕೆ ಯಾವ ವಾರ? ಫಸಲ್ ಬಿಮಾ ಎಂದು 2016ರಿಂದ ಒಂದು ಯೋಜನೆ ಇದೆಯಲ್ಲ ಎನ್ನುತ್ತೀರಿ. ಅದರಲ್ಲಿಯೂ ಬರದ ನಷ್ಟವನ್ನು ಲೆಕ್ಕ ಹಾಕುವುದು ಒಬ್ಬನ ಹೊಲ ನೋಡಿ ಅಲ್ಲ, ಸುತ್ತಲಿನ ಊರಿನ ಸರಾಸರಿ ಇಳುವರಿ ನೋಡಿ. ಬಿದ್ದ ಗಂಟನ್ನು ಬಿದ್ದಲ್ಲೇ ಕೊಡುವ ಹುಳುವಿನ ಆಟವೇ ಎಷ್ಟೋ ನ್ಯಾಯವಂತ.

ಹಿಂತಿರುಗುವ ಹೊತ್ತು ಯಾವುದು ಎಂಬುದನ್ನು ಸುರಪುರದವರಿಗಿಂತ ಚೆನ್ನಾಗಿ ಯಾರು ಬಲ್ಲರು? 1705ರಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ವಾಗಣಗೇರಾ ಕೋಟೆಯನ್ನು ಮುತ್ತಿದ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಒಳಗೆ ಪಿಡ್ಡನಾಯಕ ಮತ್ತು ಅವನ ಬೇಡ ಪಡೆ. ಕಾದಾಡಿದರು, ಸಂಧಿಯ ಮಾತಾಡುತ್ತ ಕಾಲ ತಳ್ಳಿದರು, ಮರಾಠರ ನೆರವು ಪಡೆದರು. ಇನ್ನು ಆಗದು ಎಂದಾಗ ರಾತ್ರೋರಾತ್ರಿ ಕೋಟೆ ಬಿಟ್ಟು ನಡೆದರು. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಎರಡು ವರ್ಷದಲ್ಲಿ ಅವನೂ ಹೋದ. ಸುರಪುರದ ನಾಯಕರ ಮನೆತನ 1858ರವರೆಗೆ ಆಳಿತು! ಗಂಟು ಬಿಟ್ಟು ಜೀವ ಉಳಿಸಿಕೊಳ್ಳುವ ಈ ಲೆಕ್ಕವನ್ನೇ ಇಂದು ನಿಮಗೆ ಸಾವಿರಾರು ರೂಪಾಯಿಗೆ ಮಾರುತ್ತಿರುವುದು.

ಮಾರುತ್ತಿರುವುದು ಯಾವ ಭಾಷೆಯಲ್ಲಿ? ಅಲ್ಲಿದೆ ಜಗಳ. ಯಾವ ಉಡುಪು ಬೆವರನ್ನೂ ನೀರಾಗಿ ಉಳಿಸುತ್ತದೆ, ಮೈಗೆ ಹಾಕಿದ ಶೀಲ್ಡ್ ಮರಳಿನ ಮೇಲೆ ಹುಳುವನ್ನು ಹೇಗೆ ಕೆರಳಿಸುತ್ತದೆ, ಯಾವ ಯಂತ್ರ ಎಲ್ಲಿ ನೆಡಬೇಕು ಎಲ್ಲವನ್ನೂ ಓದಿ ತಿಳಿಯಬೇಕು. ಒಂದು ಸಾಲೂ ಕನ್ನಡದಲ್ಲಿಲ್ಲ. ಆಟ ಮಾರುವ 'ಸ್ಟೀಮ್' ಅಂಗಡಿಯ ಭಾಷೆಗಳ ಪಟ್ಟಿ ನೋಡಿ. ಫಿನ್ನಿಷ್ ಇದೆ, ಡ್ಯಾನಿಶ್ ಇದೆ, ನಾರ್ವೇಜಿಯನ್ ಇದೆ. ಆ ಒಂದೊಂದು ದೇಶದ ಜನಸಂಖ್ಯೆ 60 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಪಟ್ಟಿಯಲ್ಲಿ ನಾವಿಲ್ಲ!

ಅದೇ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಕನ್ನಡ ಓದಲು ಕಲಿಯುವುದಕ್ಕೇ ಅಷ್ಟು ಕಷ್ಟಪಟ್ಟ ನೆಲದ ಹುಡುಗ ಕಂಪ್ಯೂಟರ್ ಮುಂದೆ ಕೂತರೆ ಇಂಗ್ಲಿಷ್ ಗೋಡೆ ಹಾರಿ ಮರಳಿಗೆ ಇಳಿಯಬೇಕೇ? ನೀರಿನ ಬೆಲೆ, ನೆರಳಿನ ಬೆಲೆ ನಿಮಗಿಂತ ಚೆನ್ನಾಗಿ ಬಲ್ಲವನು ಅವನು. ಅವನನ್ನೇ ಹೊರಗೆ ನಿಲ್ಲಿಸಿದ್ದಾರೆ.

ಕಂಪನಿಯನ್ನು ಬಯ್ದು ಸುಮ್ಮನಾಗುವುದು ಸುಲಭ. ಕಂಪನಿಯೂ ಆಡುತ್ತಿರುವುದು ಲಾಭ-ನಷ್ಟದ ಆಟವನ್ನೇ. ಅನುವಾದಕ್ಕೆ ಇಷ್ಟು ಖರ್ಚು, ಬರುವುದೆಷ್ಟು ಎಂದು ಅವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಪುಸ್ತಕದಲ್ಲಿ ಕನ್ನಡದ ಸಾಲಿನಲ್ಲಿ ಸೊನ್ನೆ ಬರೆದವರು ಯಾರು? ಕೇಳದೆ, ಕೊಸರದೆ, ಇಂಗ್ಲಿಷ್ ಎಂದು ಒತ್ತಿ ಹಣ ಕಟ್ಟಿದ ನೀವು! ಕನ್ನಡ ಕೊಟ್ಟರೆ ಖರ್ಚು, ಕೊಡದಿದ್ದರೆ ಒಬ್ಬ ಗಿರಾಕಿಯೂ ಕಳೆಯುವುದಿಲ್ಲ. ಇಷ್ಟು ಕ್ಷೇಮದ ವ್ಯಾಪಾರವನ್ನು ಯಾವ ದಡ್ಡ ಬಿಡುತ್ತಾನೆ? ಹುಳುವಿಗಾದರೂ ಕಾಲ ಸದ್ದು ಕೇಳಬೇಕು. ನೀವು ಸದ್ದನ್ನೇ ಮಾಡುತ್ತಿಲ್ಲ.

"ನಮಗೆ ಇಂಗ್ಲಿಷ್ ಬರುತ್ತದಲ್ಲ ಸಾರ್" ಎನ್ನುತ್ತೀರಿ. ನಾರ್ವೆಯವರಿಗೆ ಬರುವುದಿಲ್ಲವೇ? ನಿಮಗಿಂತ ಚೆನ್ನಾಗಿ ಬರುತ್ತದೆ. ಆದರೂ ಅವರ ನುಡಿ ಆ ಪಟ್ಟಿಯಲ್ಲಿದೆ.

ಇನ್ನು ನಮ್ಮ ಸರ್ಕಾರ. ಅನಿಮೇಷನ್, ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು, 2012ರಲ್ಲಿ ನೀತಿ ತಂದದ್ದು ಕರ್ನಾಟಕ. 2024ರಲ್ಲಿ ಮೂರನೆಯ ಆವೃತ್ತಿಯೂ ಬಂತು. ಸಂತೋಷ. ಕನ್ನಡಿಗರ ತೆರಿಗೆಯ ಹಣದಲ್ಲಿ ನೆರವು ಪಡೆದ ಪ್ರತಿ ಆಟವೂ ಕನ್ನಡದಲ್ಲಿ ಬರಲೇಬೇಕು ಎಂಬ ಒಂದು ಷರತ್ತು ಹಾಕಿ, ಅದನ್ನು ಜಾರಿ ಮಾಡಿ ತೋರಿಸಿ. ಕೈಯಿಲ್ಲ, ಕಸುಬಿಲ್ಲ ಎಂಬ ನೆಪ ಬೇಡ. 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು. 2019ರಲ್ಲಿ ಅದನ್ನು ಕೊಂಡದ್ದು ಜಗತ್ತಿನ ದೊಡ್ಡ ಆಟದ ಕಂಪನಿಗಳಲ್ಲೊಂದಾದ ರಾಕ್‌ಸ್ಟಾರ್. ಅಮೆರಿಕದ ಮರಳನ್ನು ಕೂದಲೆಳೆಯಷ್ಟು ಅಚ್ಚುಕಟ್ಟಾಗಿ ಬಿಡಿಸಬಲ್ಲ ಕೈಗಳು ಇದೇ ಊರಿನಲ್ಲಿವೆ. ವಾಗಣಗೇರಾ ಕೋಟೆಯನ್ನು, ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ಬಿಡಿಸಲು ಆ ಕೈಗಳಿಗೆ ಯಾರಾದರೂ ಹೇಳಿದ್ದಾರೆಯೇ?

ಇವತ್ತು ರಾತ್ರಿ ಆಟ ತೆರೆಯುವ ಮುನ್ನ ಸ್ಟೀಮ್‌ನ ವಿಮರ್ಶೆಯ ಜಾಗಕ್ಕೆ ಹೋಗಿ. ಆಟ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದೇ ಬರೆಯಿರಿ, ಕನ್ನಡ ಎಲ್ಲಿ ಎಂದೂ ಕೇಳಿ. ಕನ್ನಡದಲ್ಲೇ ಬರೆಯಿರಿ. ಅರ್ಥವಾಗದಿದ್ದರೆ ನಾರ್ವೆಯವರು ಅನುವಾದ ಮಾಡಿಸಿಕೊಳ್ಳಲಿ.