ಹದಿನಾಲ್ಕಕ್ಕೇ ಪದಕ ಕೇಳುವ ವ್ಯವಸ್ಥೆ

2023ರ ಸೆಪ್ಟೆಂಬರ್. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೀತಿತ್ತು. ಡೋಪಿಂಗ್ ಪರೀಕ್ಷೆ ಮಾಡುವ ನಾಡಾ ಅಧಿಕಾರಿಗಳು ಬಂದಿದ್ದಾರೆ ಅನ್ನೋ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ಗೆ ಬಂದು ನಿಂತವನು ಒಬ್ಬನೇ. ಉಳಿದವರು ನಾಪತ್ತೆ. ಜೂನಿಯರ್ ಸ್ಟೀಪಲ್‌ಚೇಸ್‌ನ ಓಟಗಾರ್ತಿಯೊಬ್ಬಳು ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದಳು, ಹಿಂದೆ ಅಧಿಕಾರಿ ಓಡುತ್ತಿದ್ದರು ಅಂತ ಪತ್ರಿಕೆಗಳು ಬರೆದವು. ಶೌಚಾಲಯದಲ್ಲಿ ಸಿರಿಂಜ್ ಬಿದ್ದಿದ್ದ ವಿಡಿಯೊ ಕೂಡ ಬಂತು. ನೋಡಿ ನಕ್ಕು ಮುಂದೆ ಹೋದೆವು.

ನನಗೆ ಅಲ್ಲಿ ನಗು ಬರುವಂಥದ್ದೇನೂ ಕಾಣಲಿಲ್ಲ. ಇದು ಒಲಿಂಪಿಕ್ಸ್ ಅಲ್ಲ, ಏಷ್ಯನ್ ಗೇಮ್ಸ್ ಅಲ್ಲ, ಒಂದು ರಾಜ್ಯಮಟ್ಟದ ಕೂಟ. ಅಷ್ಟಕ್ಕೇ ಹುಡುಗರು ಸೂಜಿ ಚುಚ್ಚಿಕೊಳ್ಳುವ ಹಂತಕ್ಕೆ ಯಾಕೆ ಹೋಗ್ತಾರೆ? ಆ ಮಟ್ಟದ ಒಂದು ಸರ್ಟಿಫಿಕೇಟ್ ಬದುಕನ್ನೇ ಬದಲಿಸಬಹುದು, ಅದಕ್ಕೆ. ಪೊಲೀಸ್, ರೈಲ್ವೆ, ಸೇನೆಯಲ್ಲಿ ಕ್ರೀಡಾ ಕೋಟಾ ಇದೆ. ನಮ್ಮಲ್ಲಿ ಸಿಇಟಿ ಮೂಲಕ ಸಿಗುವ ವೃತ್ತಿಪರ ಸೀಟುಗಳಿಗೂ ಕ್ರೀಡಾ ಕೋಟಾ ಇದೆ. ಎರಡೆಕರೆ ಜಮೀನಿನ ಮನೆಯ ಹುಡುಗಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇರೆ ಯಾವುದು? ಕೋಟಾ ಬೇಡ ಅಂತ ನಾನು ಹೇಳ್ತಿಲ್ಲ, ಬೇಕೇ ಬೇಕು. ಆದರೆ ಬಾಗಿಲು ತೆರೆಯೋದು ಹದಿನೇಳರೊಳಗಿನ ಪದಕಕ್ಕೆ ಮಾತ್ರ ಅಂತಾದರೆ ಕೋಚ್ ಏನು ಕಲಿಸ್ತಾನೆ ಅನ್ನೋದೂ ಅಲ್ಲೇ ತೀರ್ಮಾನವಾಗಿಬಿಡುತ್ತೆ.

ಕಾಲು ಸರಿಯಾಗಿ ಇಡೋದು, ಜಿಗಿದ ಮೇಲೆ ಮಂಡಿಗೆ ಪೆಟ್ಟಾಗದಂತೆ ಇಳಿಯೋದು, ರ‍್ಯಾಕೆಟ್ ಹಿಡಿಯುವ ಬಗೆ, ಹೊಟ್ಟೆ ತುಂಬ ಊಟ, ನಿದ್ದೆ. ಬುನಾದಿ ಅಂದರೆ ಇಷ್ಟೇ. ಬೇಸರ ಹುಟ್ಟಿಸುವಷ್ಟು ಸಾಧಾರಣ. ಇದರ ಫಲ ಕಾಣೋಕೆ ಐದಾರು ವರ್ಷ ಬೇಕು, ಜಿಲ್ಲಾ ಕೂಟ ಇರೋದು ಮುಂದಿನ ತಿಂಗಳು. ಹದಿಮೂರರ ವಯಸ್ಸಲ್ಲಿ ಮೀಸೆ ಚಿಗುರಿದ ಹುಡುಗ ಇನ್ನೂ ಬೆಳೆಯದ ಹುಡುಗನನ್ನು ಸುಲಭವಾಗಿ ಸೋಲಿಸ್ತಾನೆ. ಅದು ಪ್ರತಿಭೆ ಅಲ್ಲ, ಕ್ಯಾಲೆಂಡರ್. ತುರ್ತಿನಲ್ಲಿರುವ ಕೋಚ್‌ಗೆ ಇದು ಗೊತ್ತಿದ್ದರೂ ಅವನನ್ನೇ ಆರಿಸ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಜನನ ಪ್ರಮಾಣಪತ್ರವನ್ನೇ ತಿದ್ದುತ್ತಾರೆ.

2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ರಾಹುಲ್ ದ್ರಾವಿಡ್ ಎತ್ತಿದ್ದು ಇದೇ ಪ್ರಶ್ನೆ. ವಯಸ್ಸು ಮುಚ್ಚಿಟ್ಟವನು ಜೂನಿಯರ್ ಮಟ್ಟದಲ್ಲಿ ಗೆಲ್ಲೋದು ಹೆಚ್ಚು ಚೆನ್ನಾಗಿ ಆಡುವುದರಿಂದಲ್ಲ, ಮೈಯಲ್ಲಿ ದೊಡ್ಡವನಾಗಿರುವುದರಿಂದ. ಅವನಿಗಾಗಿ ನಿಜವಾದ ವಯಸ್ಸಿನ ಹುಡುಗನೊಬ್ಬ ಹೊರಬೀಳ್ತಾನೆ ಅನ್ನೋದು ಅವರ ವಾದದ ಸಾರ. ಆಗ ಅವರು 19ರೊಳಗಿನವರ ತಂಡದ ಕೋಚ್. ಮರುವರ್ಷ ಬಿಸಿಸಿಐ ಒಂದು ನಿಯಮ ತಂದಿತು: ಒಬ್ಬ ಆಟಗಾರನಿಗೆ 19ರೊಳಗಿನವರ ವಿಶ್ವಕಪ್ ಒಂದೇ ಸಲ. ಅನುಭವಿಗಳನ್ನು ಎರಡನೇ ಸಲ ಕಳಿಸಿ ಕಪ್ ಗೆಲ್ಲುವ ಸುಲಭದ ದಾರಿಯನ್ನು ತಾವೇ ಮುಚ್ಚಿಕೊಂಡರು. 2018ರಲ್ಲಿ ಕಪ್ ಬಂತು. ಬರದೇ ಇದ್ದಿದ್ದರೂ ನಿಯಮ ಸರಿಯಾಗೇ ಇರುತ್ತಿತ್ತು. ಕ್ರಿಕೆಟ್ ಬಳಿ ದುಡ್ಡಿದೆ, ಕಾಯೋಕೆ ಆಗುತ್ತೆ. ಕಬಡ್ಡಿ, ಅಥ್ಲೆಟಿಕ್ಸ್, ಕುಸ್ತಿಯ ಮಕ್ಕಳಿಗೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು?

ನಾರ್ವೆ ಇನ್ನೂ ಬಹಳ ಮುಂದೆ ಹೋಗಿದೆ. 1987ರಿಂದ ಅಲ್ಲಿ ಮಕ್ಕಳ ಕ್ರೀಡೆಗೆ ಲಿಖಿತ ನಿಯಮಗಳಿವೆ. ಈಗಿನ ನಿಯಮದ ಪ್ರಕಾರ ಹನ್ನೊಂದು ತುಂಬುವ ಮುಂಚೆ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಸುಮಾರು 55 ಲಕ್ಷ ಜನರಿರುವ ಈ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಹಿಮ ಇದೆ, ದುಡ್ಡಿದೆ, ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ಮಕ್ಕಳಿಗೆ ಪದಕ ಕಟ್ಟದಿದ್ದರೆ ಸ್ಪರ್ಧೆಯ ಕಿಚ್ಚೇ ಆರಿಹೋಗುತ್ತೆ ಅನ್ನುವ ನಮ್ಮ ಕ್ರೀಡಾಧಿಕಾರಿಗಳ ವಾದ ಅಲ್ಲಿ ನಿಲ್ಲೋದಿಲ್ಲ.

ಈಗ ನಮ್ಮ ಕಡೆ ನೋಡಿ. 2024ರ ಪ್ಯಾರಿಸ್‌ನಲ್ಲಿ ಆರು ಪದಕ, ಚಿನ್ನ ಒಂದೂ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ 2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತ ಪತ್ರ ಹೋಯಿತು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಾಗಿದೆ. ಕ್ರೀಡಾಂಗಣಕ್ಕೆ ಟೆಂಡರ್ ಇರುತ್ತೆ, ಗುತ್ತಿಗೆ ಇರುತ್ತೆ, ಉದ್ಘಾಟನೆಗೆ ಕಲ್ಲು ಇರುತ್ತೆ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆ ಇಲ್ಲದ ದಿನಗಳಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಬಡತನವನ್ನು ಹೊಗಳೋಕೆ ಇದನ್ನು ಹೇಳ್ತಿಲ್ಲ, ಒಳ್ಳೆ ಕೋರ್ಟ್ ಎಲ್ಲರಿಗೂ ಸಿಗಲಿ. ಆದರೆ ಕೋರ್ಟ್ ಕಟ್ಟಿದವರು ಅಲ್ಲಿ ಕಲಿಸುವವರನ್ನೂ ನೇಮಿಸಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಎರಡು ಸಾಲಿವೆ. ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕು. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಗಮನಿಸಿ, ಕಾಯ್ದೆ ಕೇಳಿದ್ದೇ ಅರೆಕಾಲಿಕ. ಗಣಿತದ ಮೇಷ್ಟ್ರು ಪಿಟಿ ಪೀರಿಯಡ್ ಕಿತ್ತುಕೊಂಡಾಗ ನಾವ್ಯಾರೂ ಪ್ರಶ್ನೆ ಮಾಡಲಿಲ್ಲ. ನಿಮ್ಮ ಶಾಸಕರು ಮುಂದಿನ ಸಲ ಯಾವುದೋ ಹುಡುಗಿಯ ಕೊರಳಿಗೆ ಹಾರ ಹಾಕಿ ಫೋಟೊ ಹಾಕಿದಾಗ ಕಾಮೆಂಟ್‌ನಲ್ಲಿ ಕೇಳಿ: ಆಕೆ ಓದಿದ ಶಾಲೆಯಲ್ಲಿ ಈಗ ಪಿಟಿ ಮೇಷ್ಟ್ರು ಇದ್ದಾರಾ ಸಾರ್? ಮೈದಾನ ಇನ್ನೂ ಶಾಲೆಯ ಹೆಸರಲ್ಲೇ ಇದೆಯಾ?