ಹಾಲಿನ ಬಾಟಲಿಯ ಮುಚ್ಚಳ



ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಾಟಲಿಯ ಬಾಯಿಗೆ ತೆಳ್ಳಗಿನ ಅಲ್ಯುಮಿನಿಯಂ ಮುಚ್ಚಳ. ಹಾಲು ಸುರಿದುಕೊಂಡ ಮೇಲೆ ಅದು ಕಸ. ಸೋವಿಯತ್ ಒಕ್ಕೂಟದ ಜೈಲಿನಲ್ಲಿ ಒಬ್ಬರು ಆ ಕಸವನ್ನೇ ಎತ್ತಿಟ್ಟುಕೊಂಡು, ಅದರ ಮೇಲೆ ಉಗುರಿನಿಂದ ಒತ್ತಿ ಮನುಷ್ಯರ ಮುಖಗಳನ್ನು ಮೂಡಿಸುತ್ತಿದ್ದರು. ಅವರೇ ಚಿತ್ರ ನಿರ್ದೇಶಕ ಸೆರ್ಗೆಯ್ ಪರಜಾನೋವ್.

ಸಿನಿಮಾದವರ ವಿಷಯ ಈ ಪುಟದಲ್ಲೇಕೆ ಎಂದು ಕೇಳಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ.

1924ರಲ್ಲಿ ಜಾರ್ಜಿಯಾದ ತ್ಬಿಲಿಸಿಯಲ್ಲಿ ಆರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿದ ಪರಜಾನೋವ್, ಮಾಸ್ಕೋದಲ್ಲಿ ಕಲಿತು ಉಕ್ರೇನಿನಲ್ಲಿ ಚಿತ್ರ ತಯಾರಿಸಿದರು. 'ದಾಳಿಂಬೆಯ ಬಣ್ಣ' ಎಂಬ 1969ರ ಚಿತ್ರ ಅವರಿಗೆ ಜಗತ್ತಿನಲ್ಲಿ ಹೆಸರು ತಂದಿತು. ಆದರೆ ಸರಕಾರ ಹೇಳಿದಂತೆ ಕುಣಿಯುವ ಜಾಯಮಾನ ಅವರದ್ದಲ್ಲ. ಉಕ್ರೇನಿನ ಬರಹಗಾರರ ಬಂಧನವನ್ನೂ ವಿರೋಧಿಸಿದ್ದರು. 1973ರ ಡಿಸೆಂಬರಿನಲ್ಲಿ ಅವರನ್ನೇ ಬಂಧಿಸಲಾಯಿತು. ನಾಲ್ಕು ವರ್ಷ ಸೆರೆವಾಸ. ವಿಚ್ಛೇದಿತ ಪತ್ನಿ ಸ್ವೆತ್ಲಾನಾ ಮತ್ತು ಮಗ ಸುರೇನ್‌ಗೆ ಅಲ್ಲಿಂದಲೇ ಪತ್ರ ಬರೆಯುತ್ತಿದ್ದರು. ಕ್ಯಾಮರಾ ಕಿತ್ತುಕೊಂಡರೂ ಕೈ ಸುಮ್ಮನಿರಲಿಲ್ಲ. ಚಿತ್ರ ಬರೆದರು, ಚಿಂದಿ ಜೋಡಿಸಿ ಕಲಾಕೃತಿ ಮಾಡಿದರು. ಹೊರಬಂದ ಮೇಲೂ ವರ್ಷಗಟ್ಟಲೆ ಸಿನಿಮಾ ಮಾಡಲು ಬಿಡಲಿಲ್ಲ.

ಅವರ ಕೊನೆಯ ಪೂರ್ಣ ಚಿತ್ರ 1988ರ 'ಆಶಿಕ್ ಕೇರಿಬ್'. ಈ ಹೆಸರು ನಮ್ಮ ಕಿವಿಗೆ ಹೊಸತಲ್ಲ. ಅದು ಮೂಲದಲ್ಲಿ ಗರೀಬ್. ಅರಬಿಯಲ್ಲಿ ಪರದೇಶಿ, ಉರ್ದುವಿನಲ್ಲಿ ಬಡವ. ಕಥಾನಾಯಕ ಎರಡೂ ಹೌದು. ಶ್ರೀಮಂತನ ಮಗಳನ್ನು ಮದುವೆಯಾಗಲು ಹಣ ಸಂಪಾದಿಸಲೆಂದು ಸಾವಿರದೊಂದು ದಿನ ಊರೂರು ಅಲೆಯುವ ಮುಸ್ಲಿಮ್ ಹಾಡುಗಾರ ಅವನು. ಚಿತ್ರದ ಭಾಷೆ ಅಝರ್‌ಬೈಜಾನಿ.

ಅದೇ 1988ರಲ್ಲಿ ಕರಾಬಾಖ್ ಪ್ರದೇಶದ ವಿಷಯವಾಗಿ ಆರ್ಮೇನಿಯನ್ನರಿಗೂ ಅಝರ್‌ಬೈಜಾನಿಗಳಿಗೂ ರಕ್ತಪಾತ ಆರಂಭವಾಗಿತ್ತು. ಮುಂದೆ ಎರಡೂ ಕಡೆಯ ಲಕ್ಷಾಂತರ ಮಂದಿ ಮನೆಮಠ ಕಳೆದುಕೊಂಡರು. 2023ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕರಾಬಾಖ್ ತೊರೆದರು. ಅಂತಹ ದ್ವೇಷ ಹೊತ್ತಿಕೊಂಡ ವರ್ಷದಲ್ಲೇ ಒಬ್ಬ ಆರ್ಮೇನಿಯನ್ ಕ್ರೈಸ್ತನ ಈ ಚಿತ್ರ ಹೊರಬಂತು. ನೆರೆಯ ಮುಸ್ಲಿಮರ ಕಥೆಯನ್ನು, ಅವರದೇ ಭಾಷೆಯಲ್ಲಿ, ಪ್ರೀತಿಯಿಂದ ಹೇಳಿತು.

1990ರಲ್ಲಿ ಪರಜಾನೋವ್ ತೀರಿಕೊಂಡರು. ಯೆರೆವಾನ್ ನಗರದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಚಿತ್ರ, ಚಿಂದಿ, ಮುಚ್ಚಳ, ಎಲ್ಲಕ್ಕೂ ಅಲ್ಲಿ ಗೌರವದ ಜಾಗ.

ಸಹೋದರಿಯರೇ, ಯುದ್ಧ ನಿಲ್ಲಿಸುವ ಶಕ್ತಿ ಆ ಚಿತ್ರಕ್ಕಿರಲಿಲ್ಲ, ನಿಜ. ನಮ್ಮ ಕೈಯಲ್ಲೂ ಅಷ್ಟು ಶಕ್ತಿಯಿಲ್ಲ. ಆದರೆ ರಾತ್ರಿ ಮಕ್ಕಳನ್ನು ಮಲಗಿಸುವಾಗ ಹೇಳುವ ಕಥೆ ನಮ್ಮ ಕೈಯಲ್ಲಿದೆ. ಪಕ್ಕದ ಮನೆಯವರ ಬಗ್ಗೆ ನಾವು ಮಕ್ಕಳಿಗೆ ಯಾವ ಕಥೆ ಹೇಳುತ್ತಿದ್ದೇವೆ?