ಗರ್ಭದ ಸುದ್ದಿ ತಾಯಿಗೇ ತಿಳಿಯಬಾರದೆ?



ಕಂಪ್ಲಿ ಕಡೆಯ ಬಸುರಿ ಹೆಣ್ಣುಮಗಳೊಬ್ಬಳು ಹೊಸಪೇಟೆಯಲ್ಲಿ ಸ್ಕ್ಯಾನಿಂಗ್ ಮುಗಿಸಿ ನನ್ನ ಪ್ರೆಸ್ಸಿಗೆ ಬಂದಳು. "ಅಣ್ಣಾ, ಇದರಾಗ ಏನ್ ಬರದಾರ?" ರಿಪೋರ್ಟು ಪೂರಾ ಇಂಗ್ಲಿಷು. ಪಿಯುಸಿ ಓದಿದ ನನಗೆ 'ಸ್ಪೈನ್' ಎಂಬುದೊಂದೇ ತಿಳಿಯಿತು. ನಾಚಿಕೆಯ ಮಾತೆಂದರೆ, ಆ ಫಾರಂ ಅಚ್ಚು ಹಾಕಿದವನೂ ನಾನೇ! ಅವಳನ್ನು ಮತ್ತೆ ಡಾಕ್ಟರ ಬಳಿಗೇ ಕಳಿಸಿದೆ.

ತಾಯಂದಿರೇ, ತಿಳಿದಿರಲಿ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳಬೇಕು. ಬೆನ್ನಿನಲ್ಲಿ ಮುಚ್ಚದೆ ಉಳಿದರೆ ಅದೇ ಸ್ಪೈನಾ ಬೈಫಿಡಾ. ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಗುಳಿಗೆ ನುಂಗಿದರೆ ಅಪಾಯ ಬಹಳ ತಗ್ಗುತ್ತದೆ. 18ರಿಂದ 20ನೇ ವಾರದ ಸ್ಕ್ಯಾನಿಂಗಿನಲ್ಲಿ ಈ ದೋಷ ಬಹುಮಟ್ಟಿಗೆ ಕಾಣುತ್ತದೆ. ಕಂಡ ಮೇಲೆ ತೀರ್ಮಾನಕ್ಕೆ ಉಳಿಯುವ ದಿನಗಳು ಕಡಿಮೆ.

ಪ್ರಸವಪೂರ್ವ ಪರೀಕ್ಷೆಗೆ ತಾಯಿಯ ಒಪ್ಪಿಗೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲೇ ಬರೆಸಿಕೊಳ್ಳಬೇಕೆಂದು 1994ರ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆಗೆ ಅವಳ ಭಾಷೆ ಬೇಕು, ಫಲಿತಾಂಶಕ್ಕೆ ಬೇಡವೆ?

ಹೊಸಪೇಟೆ, ಸಂಡೂರು, ಕಂಪ್ಲಿಯ ಸ್ಕ್ಯಾನಿಂಗ್ ಸೆಂಟರಿನವರೇ, ರಿಪೋರ್ಟಿನ ಕೆಳಗೆ ನಾಲ್ಕು ಸಾಲು ಕನ್ನಡ ಬರೆಯಿರಿ. ಆ ಫಾರಂ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಓದುಗರೇ, ನೀವೂ ಕೌಂಟರಿನ ಮುಂದೆ ನಿಂತು ಬಾಯಿಬಿಟ್ಟು ಕೇಳಿ!